ನೂರು ಎಲೆಗಳ ಕಟ್ಟು

ಎಲೆಯಾಟವೆಂದೊಡನೆ ಹಿರಿಯರ ಹುಬ್ಬು ಗಂಟಾಗುವುದು ಸಹಜ. ನಾನು ಹೇಳಹೊರಟಿರುವುದು ಪಣವೊಡ್ಡಿ ಆಡುವ ಆಟವನ್ನಲ್ಲವೆಂದು ಅಧ್ಯಾಪಕವರ್ಗಕ್ಕೆ ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ.

ನಮ್ಮ ನಾಡಿಗೆ ಎಲೆಯಾಟ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗದಲ್ಲಿ ಗಂಜೀಫದ ಬಗೆಗಳು ವರ್ಣಿತವಾಗಿವೆ. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ ೧೨೦ ದುಂಡನೆಯ ಎಲೆಗಳು. ಅಲ್ಲಿ ಎಲ್ಲರಿಗೂ ಒಂದೇ ಕಟ್ಟು. ಕೈಗೆ ಬಂದದ್ದು ಅವರವರ ಅದೃಷ್ಟ. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ, ೧೯೯೩ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟದಲ್ಲಿ ಹಾಗಲ್ಲ. ಪ್ರತಿಯೊಬ್ಬನೂ ಸಾವಿರಾರು ಎಲೆಗಳಿಂದ ತನಗೆ ಬೇಕಾದವನ್ನು ಆರಿಸಿ, ಕೊಂಡು, ವಿನಿಮಯ ಮಾಡಿಕೊಂಡು ತನ್ನದೇ ಕಟ್ಟನ್ನು ಸಿದ್ಧಪಡಿಸಿ ತರುತ್ತಾನೆ. ಆದುದರಿಂದ ಅರ್ಧ ಆಟ ಮನೆಯಲ್ಲೇ ಮುಗಿದಿರುತ್ತದೆ.

ನಾವು ಆಡುವುದು ಇದರ ‘ಕಮಾಂಡರ್’ ಎಂಬ ಬಗೆಯನ್ನು. ನಾಲ್ವರು ಕೂರುವುದು ವಾಡಿಕೆ. ದಂಡನಾಯಕನೂ ಸೇರಿ ಒಬ್ಬೊಬ್ಬರ ಕಟ್ಟಿನಲ್ಲಿ ೧೦೦ ಎಲೆ. ಸಾಧಾರಣ ಭೂಮಿಯ ಎಲೆಗಳ ಹೊರತು ಒಂದೇ ಎಲೆ ಎರಡು ಸಲ ಬರುವಂತಿಲ್ಲ. ಪ್ರತಿಯೊಬ್ಬರಿಗೂ ೪೦ ಪ್ರಾಣಾಂಕ. ಸರದಿಗೊಂದರಂತೆ ಭೂಮಿಯ ಎಲೆ ಇಳಿಸಬೇಕು. ಅದು ಕೊಡುವ ಶಕ್ತಿಯನ್ನು ತೆತ್ತು ವೀರರನ್ನೋ ಮಂತ್ರಗಳನ್ನೋ ಕಣಕ್ಕೆ ತರಬೇಕು. ಬೋರ್‌ವೆಲ್ ನಂಬಿ ಬದುಕುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರಿದ್ದಷ್ಟೇ ಬೆಳೆ. ನೂರರಲ್ಲಿ ೩೭ ಭೂಮಿಯಿಟ್ಟರೆ ಮೊದಲು ಕೈಗೆ ಬರುವ ಏಳು ಎಲೆಗಳಲ್ಲಿ ಸರಾಸರಿ ಎರಡೂವರೆ ಭೂಮಿ. ಅದನ್ನು ಕಡಮೆಮಾಡಿ ವೀರರನ್ನೇ ತುಂಬಿದವನು, ವೀರರನ್ನು ಕೈಯಲ್ಲಿ ಹಿಡಿದುಕೊಂಡೇ ಸೋಲುತ್ತಾನೆ.

ಕಟ್ಟುವ ಹಾದಿಗಳಲ್ಲಿ ಎರಡು ಮುಖ್ಯ. ಒಂದು ದಾಳಿಯ ಕಟ್ಟು. ಇದು ಕೊತ್ತಂಬರಿ ಸೊಪ್ಪಿನ ಬೇಸಾಯ. ಬೇಗ ಬಿತ್ತಿ ಬೇಗ ಕೀಳುವುದು. ಅಗ್ಗದ ಪುಟ್ಟ ಸೈನಿಕರನ್ನು ಮೊದಲ ಸರದಿಯಿಂದಲೇ ಇಳಿಸಿ, ಎದುರಾಳಿ ಸಿದ್ಧನಾಗುವ ಮುನ್ನವೇ ಮುಗಿಸಬೇಕು. ಇನ್ನೊಂದು ಕಾಯುವ ಕಟ್ಟು. ಇದು ರೇಷ್ಮೆಹುಳುವಿನ ಸಾಕಣೆ. ನಾಲ್ಕು ಜ್ವರ ದಾಟುವ ತನಕ ಸೊಪ್ಪು ಹಾಕುವುದೇ ಕೆಲಸ. ಗೂಡು ಕಾಣುವುದು ಕೊನೆಗೆ. ಭೂಮಿ ಹೆಚ್ಚಿಸಿಕೊಳ್ಳುತ್ತ, ಎಲೆ ಕೂಡಿಸಿಕೊಳ್ಳುತ್ತ, ಮೈಮೇಲೆ ಬಂದದ್ದನ್ನು ಮಾತ್ರ ತಡೆಯುತ್ತ ಕೂರಬೇಕು.

ಇಬ್ಬರೇ ಆಡುವ ಸಾಮಾನ್ಯ ಆಟದಲ್ಲಿ ಕೆಡವಬೇಕಾದ್ದು ಒಬ್ಬನ ೨೦ ಅಂಕ. ಅಲ್ಲಿ ದಾಳಿಗೆ ಬೆಲೆಯುಂಟು. ನಾಲ್ವರಲ್ಲಿ ಮೂವರಿಂದ ೧೨೦ ಕೆಡವಬೇಕು! ಇಷ್ಟೇ ಅಲ್ಲ. ನನ್ನದೊಂದು ಎಲೆ ವ್ಯಯಮಾಡಿ ಒಬ್ಬನದೊಂದನ್ನು ನಾಶಮಾಡಿದೆನೆನ್ನಿ. ಇಬ್ಬರಿದ್ದರೆ ಸರಿಗೆ ಸರಿ. ನಾಲ್ವರಿದ್ದರೆ ನಾವಿಬ್ಬರೂ ಒಂದೊಂದು ಕಳೆದುಕೊಂಡೆವು. ಸುಮ್ಮನಿದ್ದ ಇಬ್ಬರು ಮುಂದಾದರು. ಜೊತೆಗೆ, ಮೊದಲು ಬಲ ತೋರಿದವನ ಮೇಲೆ ಉಳಿದವರೆಲ್ಲ ತಿರುಗಿಬೀಳುತ್ತಾರೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕಳೆದ ವರ್ಷ ತಿಂಗಳುಗಟ್ಟಲೆ ಉಳಿಸಿದ ಹಣದಿಂದ ದಾಳಿಯ ಕಟ್ಟೊಂದನ್ನು ಕೊಂಡು, ಚಿಕ್ಕಬಳ್ಳಾಪುರದ ನಮ್ಮ ಮನೆಯ ಜಗುಲಿಯಲ್ಲಿ ಆಟಕ್ಕೆ ಕೂತೆ. ಎದುರಿಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮೂವರು ಮಿತ್ರರು. ಶಿಡ್ಲಘಟ್ಟದವನ ಮನೆತನ ನೂಲು ಬಿಚ್ಚಾಣಿಕೆಯಿಂದ ಜೀವಿಸುವಂಥದು. ಅವನಲ್ಲಿ ಕೊಂಡ ಎಲೆ ಒಂದೂ ಇರಲಿಲ್ಲ. ಹಳೆಯ ನೋಟ್‌ಬುಕ್ಕುಗಳ ರಟ್ಟು ಕತ್ತರಿಸಿ, ಇಂಗ್ಲಿಷಿನ ಎಲೆಗಳ ಒಕ್ಕಣೆಯನ್ನು ಕನ್ನಡದಲ್ಲಿ ಬರೆದು ನೂರು ಚೀಟಿ ತಂದಿದ್ದ. ಅಧಿಕೃತ ಪಂದ್ಯಗಳಲ್ಲಿ ಇದು ಸಲ್ಲದು. ಗೆಳೆಯರೊಳಗೆ ಎಲ್ಲರೂ ಒಪ್ಪಿದರೆ ಸಲ್ಲುತ್ತದೆ. “ಹಣ ಕೊಟ್ಟವನು ನಾನಲ್ಲವೆ?” ಎಂದು ನಾನು ಅಂದುಬಿಟ್ಟೆ. ಅವನು ಮಾತನಾಡದೆ ಚೀಟಿಗಳನ್ನು ಕಲೆಸಿದ.

ಆರನೆಯ ಸರದಿಗೆ ನನ್ನ ಒಂಬತ್ತು ಸೈನಿಕರು ಕಣದಲ್ಲಿದ್ದರು. ಚಿಂತಾಮಣಿಯವನು ೧೮ಕ್ಕೆ ಇಳಿದಿದ್ದ. ಆಗ ಶಿಡ್ಲಘಟ್ಟದವನು ಒಂದು ಚೀಟಿ ಇಟ್ಟ. ‘ರಾತ್ ಆಫ್ ಗಾಡ್’ ಎಂಬ ಎಲೆಗೆ ‘ದೈವಕೋಪ’ ಎಂದು ಹೆಸರಿಟ್ಟಿದ್ದ. ನಾಲ್ಕು ಶಕ್ತಿ ತೆತ್ತರೆ ಕಣದ ಜೀವಿಗಳೆಲ್ಲ ನಾಶ! ನನ್ನ ಒಂಬತ್ತೂ ಹೋದವು. ಹೋಗಲು ಅವನದೊಂದೂ ಅಲ್ಲಿರಲಿಲ್ಲ. ಉಳಿದಿಬ್ಬರು ಚೇತರಿಸಿಕೊಂಡು ಮೊದಲು ನನ್ನನ್ನೇ ಮುಗಿಸಿದರು. ಕಟ್ಟಕಡೆಗೆ ಗೆದ್ದದ್ದು ರಟ್ಟಿನ ಕಟ್ಟು.

ಹಾಗೆಂದು ಕಾಯುವುದೇ ಗೆಲುವಿನ ಗುಟ್ಟೆಂದು ತಿಳಿಯಬಾರದು. ಮರುವಾರ ಅವನ ಮರ್ಮವರಿತ ನಾವು ಮೂವರೂ ಮೊದಲಿಗೇ ಅವನ ಮೇಲೆ ಬಿದ್ದೆವು. ಗೂಡು ಕಟ್ಟುವ ಮುನ್ನವೇ ಅವನು ಸೋತ. ಎರಡು ಹಾದಿಗಳಲ್ಲಿ ಯಾವುದು ಮೇಲೆಂಬುದನ್ನು ಕಟ್ಟು ನಿರ್ಧರಿಸುವುದಿಲ್ಲ, ಸುತ್ತ ಕುಳಿತವರು ನಿರ್ಧರಿಸುತ್ತಾರೆ. ಆದರೆ ಒಂದು ಮಾತು ಸ್ಪಷ್ಟ. ಕೊಂಡ ಎಲೆಗೂ ಬರೆದ ಚೀಟಿಗೂ ಕಣದಲ್ಲಿ ಒಂದೇ ಬಲ.

ಅಂದಿನ ಮಾತಿಗೆ ನಾನು ಅವನ ಕ್ಷಮೆ ಕೇಳಿದೆ. “ನಿನ್ನ ಕಟ್ಟಿನಲ್ಲಿ ಭೂಮಿ ಕಡಮೆ, ಇನ್ನು ನಾಲ್ಕು ಸೇರಿಸು” ಎಂದಷ್ಟೇ ಅವನು ಹೇಳಿದ. ಸೇರಿಸಿದ್ದೇನೆ, ನಾಲ್ಕೂ ರಟ್ಟಿನವೇ. ಆಡಬಯಸುವ ಸಹಪಾಠಿಗಳು ಬರಬಹುದು. ರಟ್ಟು, ಕತ್ತರಿ, ಲೇಖನಿ ಇದ್ದರೆ ಸಾಕು.