ತೊಳೆದರೂ ಹೋಗದ ಕೊಳೆಗೆ ಕ್ಲೇ ಬಾರ್

ರಾಯಚೂರು ಸೀಮೆಯಲ್ಲಿ ಕಾರು ಇಟ್ಟುಕೊಂಡವರಿಗೆ ದೂಳು ಹೊಸದೇನಲ್ಲ. ಬೆಳಿಗ್ಗೆ ಒರೆಸಿದ ಗಾಡಿ ಮಧ್ಯಾಹ್ನಕ್ಕೆಲ್ಲ ಮಸುಕಾಗಿರುತ್ತದೆ. ವಾಟರ್ ಸರ್ವಿಸ್‌ಗೆ ಬಿಟ್ಟು, ಫೋಮ್ ಹಾಕಿಸಿ ತೊಳೆಸಿ ತಂದರೆ ಎರಡು ದಿನ ಕಣ್ಣಿಗೆ ಹಬ್ಬ. ಹಾಗೆ ಹೊಳೆಯುವ ಬಾನೆಟ್ ಮೇಲೆ ಒಮ್ಮೆ ಅಂಗೈ ಆಡಿಸಿ ನೋಡಿ. ತರಿತರಿಯಾಗಿ ಏನೋ ಕೈಗೆ ಹತ್ತುತ್ತದೆ. ಶಾಂಪೂ ಹಾಕಿ ಉಜ್ಜಿದರೂ ಅದು ಜಗ್ಗುವುದಿಲ್ಲ, ಪ್ರೆಷರ್ ಪಂಪಿನಲ್ಲಿ ನೀರು ಹೊಡೆದರೂ ಬಿಡುವುದಿಲ್ಲ. ಬಣ್ಣಕ್ಕೆ ಕಚ್ಚಿಕೊಂಡು ಕೂತ ಈ ಕೊಳೆಯನ್ನು ಬಣ್ಣ ಕೆಡದಂತೆ ಎತ್ತಿ ತೆಗೆಯಲೆಂದೇ ಇರುವ ಸಾಧನ ಕ್ಲೇ ಬಾರ್. ದೊಡ್ಡ ಊರುಗಳ ಡೀಟೇಲಿಂಗ್ ಅಂಗಡಿಗಳಲ್ಲಿ ಇದು ದಿನನಿತ್ಯದ ಕೆಲಸ. ನಮ್ಮ ಕುರ್ಡಿಯಂಥ ಸಣ್ಣ ಊರಿನ ಮನೆಯಂಗಳದಲ್ಲೂ ಇದನ್ನು ಯಾರು ಬೇಕಾದರೂ ಮಾಡಬಹುದು. ಬೇಕಾದದ್ದು ನೆರಳು, ಒಂದಿಷ್ಟು ಒಳ್ಳೆಯ ನೀರು ಮತ್ತು ಹಗುರ ಕೈ.

ಬಣ್ಣಕ್ಕೆ ಕಚ್ಚುವುದೇನು?

ನಮ್ಮ ಭಾಗದ ಕೊಳೆ ಒಂದೇ ಬಗೆಯದಲ್ಲ. ಎರೆ ಹೊಲದ ಸಣ್ಣ ದೂಳು ತೊಳೆದರೆ ಹೋಗುತ್ತದೆ, ಅದರ ಚಿಂತೆ ಬೇಡ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು, ಮಾನ್ವಿ ಕಡೆ ರೈಸ್ ಮಿಲ್ಲುಗಳಿವೆ. ಮಿಲ್ಲಿನ ಬಾಯ್ಲರಿಗೆ ಹಾಕುವ ಭತ್ತದ ಹೊಟ್ಟು ಉರಿದು ಉಳಿಯುವ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾ, ಅಂದರೆ ಉಸುಕಿನ ಸತ್ವ. ಕಾರಿನ ಮೇಲೆ ಬಿದ್ದ ಇಂಥ ಬೂದಿಯನ್ನು ಒಣಬಟ್ಟೆಯಿಂದ ಒರೆಸಿದಾಗಲೇ ಬಿಸಿಲಲ್ಲಿ ಜೇಡರ ಬಲೆಯ ಹಾಗೆ ಕಾಣುವ ಗೀರುಗಳು ಹುಟ್ಟುವುದು.

ರಾಯಚೂರು ನಗರದ ಸುತ್ತ ಇನ್ನೊಂದು ಬಗೆಯದಿದೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಮುಂದೆ 8 ಘಟಕಗಳಿಗೆ ಬೆಳೆದು 1,720 ಮೆಗಾವಾಟ್ ಸಾಮರ್ಥ್ಯ ಪಡೆಯಿತು. ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ 2 ಘಟಕಗಳು ಬಂದವು. ಕಲ್ಲಿದ್ದಲು ಉರಿದಾಗ ಬರುವ ಹಾರುಬೂದಿಯ ಕಣಗಳು ಗಾಜಿನಷ್ಟು ಗಟ್ಟಿ. ಸಿಲಿಕಾ, ಅಲ್ಯುಮಿನಾ, ಕಬ್ಬಿಣದ ಆಕ್ಸೈಡ್ ಅದರಲ್ಲಿರುತ್ತವೆ. ಬೂದಿ ತುಂಬಿದ ಬಲ್ಕರ್ ಲಾರಿಗಳ ಹಿಂದೆ ಕಾರು ಓಡಿಸಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಇಬ್ಬನಿ ಬಿದ್ದು, ಮತ್ತೆ ಬಿಸಿಲಿಗೆ ಒಣಗಿ, ಮತ್ತೆ ಇಬ್ಬನಿ ಬಿದ್ದು ಆ ಕಣ ಬಣ್ಣಕ್ಕೆ ಅಂಟುತ್ತ ಹೋಗುತ್ತದೆ.

ಮೂರನೆಯದು ಕಬ್ಬಿಣದ ಪುಡಿ. ಬ್ರೇಕ್ ಒತ್ತಿದಾಗಲೆಲ್ಲ ಡಿಸ್ಕಿನಿಂದ ಬಿಸಿಬಿಸಿ ಕಣಗಳು ಹಾರುತ್ತವೆ. ರೈಲಿನ ಗಾಲಿ ಹಳಿಗೆ ಉಜ್ಜಿದಾಗಲೂ ಅದೇ. ಡೀಟೇಲಿಂಗ್ ಕೆಲಸದವರು ಇದಕ್ಕೆ ರೈಲ್ ಡಸ್ಟ್ ಅನ್ನುವುದು ಇದೇ ಕಾರಣಕ್ಕೆ. ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲಿರುವ ರಾಯಚೂರಿನ ಸ್ಟೇಷನ್ ಬಳಿ ದಿನವಿಡೀ ನಿಲ್ಲುವ ಕಾರುಗಳಿಗೆ ಇದು ತಪ್ಪಿದ್ದಲ್ಲ. ಬಣ್ಣಕ್ಕೆ ನಾಟಿದ ಕಣ ತೇವ ಹಿಡಿದು ತುಕ್ಕಾಗುತ್ತದೆ. ಬಿಳಿ ಕಾರಿನಲ್ಲಿ ಕೇಸರಿ ಚುಕ್ಕೆಯಾಗಿ ಕಾಣುತ್ತದೆ. ಕಪ್ಪು ಕಾರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಕೈಗೆ ಮಾತ್ರ ಸಿಗುತ್ತದೆ.

ಇವುಗಳ ಜೊತೆಗೆ ಬೋರಿನ ಸವಳು ನೀರು ಒಣಗಿ ಉಳಿಯುವ ಬಿಳಿ ಕಲೆ, ರಸ್ತೆ ಕೆಲಸದ ಡಾಂಬರು, ಹಕ್ಕಿಯ ಹಿಕ್ಕೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಎಲ್ಲರೂ ಗಾಡಿ ನಿಲ್ಲಿಸುವುದು ಬೇವಿನ ಮರದ ಕೆಳಗೆ. ಅಲ್ಲಿ ಎಲೆಗೆ ಹತ್ತಿದ ಹುಳುಗಳಿಂದ ಉದುರುವ ಸಣ್ಣ ಅಂಟು ಹನಿಗಳ ಮೇಲೆ ದೂಳು ಕೂತು ಗಟ್ಟಿಯಾಗುತ್ತದೆ.

ಜಪಾನಿನಿಂದ ಬಂದ ಬಿಲ್ಲೆ

ಕ್ಲೇ ಬಾರ್‌ನಲ್ಲಿ ಇರುವುದು ಹೊಲದ ಮಣ್ಣಲ್ಲ. ರಬ್ಬರಿನಂತೆ ಎಳೆದರೆ ಹಿಗ್ಗುವ ಪಾಲಿಬ್ಯೂಟೀನ್‌ನಂಥ ಕೃತಕ ರಾಳಕ್ಕೆ ಅತಿ ನುಣುಪಾದ ಉಜ್ಜುಪುಡಿ ಬೆರೆಸಿ ಇದನ್ನು ತಯಾರಿಸುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟ್, ಸಿಲಿಕಾ, ಅಲ್ಯುಮಿನಾ ಮೊದಲಾದವು ಆ ಪುಡಿಯಲ್ಲಿರುತ್ತವೆ. ಇದನ್ನು ರೂಪಿಸಿದವರು ಜಪಾನಿನ ತಡಾವೊ ಕೊಡಾಟೆ. ಅವರ ಈ ಆವಿಷ್ಕಾರಕ್ಕೆ ಅಮೆರಿಕದಲ್ಲಿ 1995ರ ಡಿಸೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಮೊದಲಿಗೆ ಇದನ್ನು ಬಳಸುತ್ತಿದ್ದವರು ಗಾಡಿಗೆ ಪೇಂಟ್ ಹೊಡೆಯುವ ಗ್ಯಾರೇಜಿನವರು. ಒಂದು ಗಾಡಿಗೆ ಸ್ಪ್ರೇ ಹೊಡೆಯುವಾಗ ಪಕ್ಕದ ಗಾಡಿಯ ಮೇಲೆ ಹಾರಿ ಕೂರುವ ಬಣ್ಣದ ಹನಿಗಳನ್ನು ತೆಗೆಯಲು ಇದು ಬೇಕಾಗುತ್ತಿತ್ತು. ಈಗ ಮೆಗ್ವಯರ್ಸ್, ಮದರ್ಸ್, 3ಎಂ ಮುಂತಾದ ಕಂಪನಿಗಳ ಬಿಲ್ಲೆಗಳು ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ನುಣುಪು, ಮಧ್ಯಮ, ಒರಟು ಎಂದು ಮೂರು ದರ್ಜೆಗಳುಂಟು. ಮೊದಲ ಸಲಕ್ಕೆ ನುಣುಪು ದರ್ಜೆಯದನ್ನೇ ತರಿಸಿ.

ಇದು ಕೆಲಸ ಮಾಡುವ ಬಗೆ ಸರಳ. ಬಣ್ಣದ ಮೇಲೆ ಸೋಪಿನ ನೀರಿನ ತೆಳು ಪದರ ಇರುತ್ತದೆ, ಬಿಲ್ಲೆ ಅದರ ಮೇಲೆ ಜಾರುತ್ತದೆ. ಮೇಲಕ್ಕೆ ಎದ್ದು ನಿಂತ ಕಣ ಬಿಲ್ಲೆಗೆ ತಾಗಿ, ಕಿತ್ತು, ಅದರೊಳಗೆ ಹುದುಗಿಕೊಳ್ಳುತ್ತದೆ. ನೀರಿನ ಪದರ ಇಲ್ಲದಿದ್ದರೆ ಬಿಲ್ಲೆ ನೇರವಾಗಿ ಬಣ್ಣಕ್ಕೇ ಹಿಡಿಯುತ್ತದೆ, ಗೀರು ಬೀಳುತ್ತದೆ. ಈಗಿನ ಕಾರುಗಳಲ್ಲಿ ಪ್ರೈಮರ್, ಬಣ್ಣ, ಅದರ ಮೇಲಿನ ಕ್ಲಿಯರ್ ಕೋಟ್ ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಹೊಳಪು ಕೊಡುವ ಕ್ಲಿಯರ್ ಕೋಟ್ ಅದರಲ್ಲಿ 40–50 ಮೈಕ್ರಾನ್‌ನಷ್ಟು ಮಾತ್ರ. ಒಂದು ಮಿಲಿಮೀಟರ್‌ನ 20ನೇ ಒಂದು ಭಾಗಕ್ಕೂ ಮೀರದ ಈ ಪದರವನ್ನು ಕಾಪಾಡಿಕೊಂಡು ಕೊಳೆಯನ್ನಷ್ಟೇ ತೆಗೆಯುವುದರಲ್ಲಿದೆ ಈ ಕೆಲಸದ ಕಸುಬುದಾರಿಕೆ.

ಕುರ್ಡಿಯ ಅಂಗಳದಲ್ಲಿ

ಕುರ್ಡಿಯಲ್ಲಿ ನಮ್ಮ ಕಾಕಾ ಅವರ ಬಿಳಿ ಕಾರಿಗೆ ಇದನ್ನು ಮೊದಲ ಸಲ ಮಾಡಿದ್ದು ಒಂದು ಬೆಳಿಗ್ಗೆ, ಬಿಸಿಲೇರುವ ಮುಂಚೆ. ತೊಳೆದು ಒರೆಸಿದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೀಲವೊಂದನ್ನು ಅವರ ಕೈಗೆ ಕೊಟ್ಟೆ. ‘ಕಾಕಾ, ಈ ಚೀಲದಾಗ ಕೈ ಹಾಕಿ ಬಾನೆಟ್ ಮ್ಯಾಲ ಆಡ್ಸ್ರಿ’ ಅಂದೆ. ಬರಿಗೈಗಿಂತ ಚೀಲದೊಳಗಿನ ಬೆರಳಿಗೆ ತರಿ ಬೇಗ ತಿಳಿಯುತ್ತದೆ. ಅವರು ಆಡಿಸಿ, ಕೈ ನಿಲ್ಲಿಸಿ, ‘ಈಗಷ್ಟ ತೊಳ್ದೀವಲ್ಲಪಾ, ಮತ್ಯಾಕ ಉಸುಕಿದ್ದಂಗ ಅದ?’ ಅಂದರು.

ಬಿಲ್ಲೆಯ ಕಾಲು ಭಾಗ ಕತ್ತರಿಸಿ ಮೂರು ಬೆರಳಗಲಕ್ಕೆ ತಟ್ಟಿಕೊಂಡು, ಬಾನೆಟ್‌ನ ಒಂದು ಮೂಲೆಗೆ ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ ಉಜ್ಜತೊಡಗಿದೆವು. ಮೊದಲ ಎಳೆತಕ್ಕೆ ಸಣ್ಣಗೆ ಕರಕರ ಸದ್ದು, ಬಿಲ್ಲೆ ಅಲ್ಲಲ್ಲಿ ತಡೆಯುತ್ತಿತ್ತು. ಹಿಂದೆ ಮುಂದೆ ಆಡಿಸುತ್ತ ಹೋದ ಹಾಗೆ ಸದ್ದು ಕಡಿಮೆಯಾಗಿ, ಕೊನೆಗೆ ಬಿಲ್ಲೆ ಸಲೀಸಾಗಿ ಜಾರಿತು. ತಿರುವಿ ನೋಡಿದರೆ ನೀಲಿ ಬಿಲ್ಲೆಯ ಮುಖದ ಮೇಲೆ ಕಂದುಗಪ್ಪು ಬಳಿದಂತಿತ್ತು, ನಡುವೆ ತುಕ್ಕಿನ ಚುಕ್ಕೆಗಳು. ತೊಳೆದ ಕಾರಿನ ಮೈಯಿಂದ ಬಂದದ್ದು ಅದು. ಕಾಕಾ ಉಜ್ಜಿದ ಜಾಗ, ಉಜ್ಜದ ಜಾಗ ಎರಡನ್ನೂ ಮುಟ್ಟಿ ನೋಡಿ, ‘ಪೂರಾ ಗಾಡಿಗಿ ಮಾಡ್ರಿ’ ಅಂದರು. ಈ ಸಾಧನಕ್ಕೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕಿಲ್ಲ.

ಮೊದಲ ಸಲ ಮಾಡುವವರಿಗೆ

ಬಿಸಿಲಲ್ಲಿ ನಿಂತ ಕಾರಿಗೆ ಕೈ ಹಚ್ಚಬೇಡಿ. ತಗಡು ತಣ್ಣಗಿರಬೇಕು, ಇಲ್ಲದಿದ್ದರೆ ನೀರಿನ ಪದರ ಕ್ಷಣದಲ್ಲಿ ಆರಿ, ಬಿಲ್ಲೆಯ ಅಂಟು ಬಣ್ಣಕ್ಕೆ ಮೆತ್ತುತ್ತದೆ. ಮೊದಲು ಬರೀ ನೀರು ಹೊಡೆದು ದೂಳು ಇಳಿಸಿ. ಬಳಿಕ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸುವ ನೀರು. ಡಾಂಬರಿದ್ದರೆ ಅದಕ್ಕೆಂದೇ ಸಿಗುವ ಟಾರ್ ರಿಮೂವರ್ ಹಾಕಿ ತೆಗೆಯಿರಿ. ಕಬ್ಬಿಣದ ಪುಡಿ ಹೆಚ್ಚಿದ್ದರೆ ಐರನ್ ರಿಮೂವರ್ ಸಿಂಪಡಿಸಿ. ಅದು ಕಬ್ಬಿಣಕ್ಕೆ ತಾಗಿದಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಹರಿಯುತ್ತದೆ. ವಾಸನೆ ಘಾಟು, ಕೈಗೆ ಗ್ಲೌಸ್ ಇರಲಿ, ಒಣಗಲು ಬಿಡದೆ ತೊಳೆಯಿರಿ. ಇಷ್ಟು ಮಾಡಿಕೊಂಡರೆ ಕ್ಲೇ ಉಜ್ಜುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಬಿಲ್ಲೆಯನ್ನು ಇಡಿಯಾಗಿ ಬಳಸದೆ ಮೂರ್ನಾಲ್ಕು ತುಂಡು ಮಾಡಿಟ್ಟುಕೊಳ್ಳಿ. ಚಳಿಗಾಲದಲ್ಲಿ ಅದು ಬಿರುಸಾಗುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ನಮ್ಮ ಬೇಸಿಗೆಯಲ್ಲಿ ಅತಿಯಾಗಿ ಮೆತ್ತಗಾಗುತ್ತದೆ, ಆಗ ತಣ್ಣೀರಿನಲ್ಲಿ ಇಟ್ಟುಕೊಳ್ಳಿ. ಸ್ಪ್ರೇ ಬಾಟಲಿಯ ನೀರಿಗೆ ಕೆಲವು ಹನಿ ಕಾರ್ ಶಾಂಪೂ ಸಾಕು. ಬೋರಿನ ನೀರು ಬೇಡ, ಅದು ಒಣಗಿದರೆ ಮತ್ತೆ ಕಲೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಫಿಲ್ಟರ್ ನೀರು ಇದಕ್ಕೆ ಹೇಳಿ ಮಾಡಿಸಿದ್ದು.

ಒಂದು ಸಲಕ್ಕೆ ಎರಡು ಅಡಿ ಚೌಕಕ್ಕಿಂತ ಹೆಚ್ಚು ಜಾಗ ಹಿಡಿಯಬೇಡಿ. ನೀರು ಸಿಂಪಡಿಸಿ, ಬಿಲ್ಲೆಯನ್ನು ಬೆರಳ ತುದಿಗಳಲ್ಲಿ ಹಿಡಿದು ನೇರ ಗೆರೆಯಲ್ಲಿ ಆಡಿಸಿ; ಸುತ್ತುಸುತ್ತಾಗಿ ಉಜ್ಜಬೇಡಿ. ಒತ್ತಡ ಬೇಡವೇ ಬೇಡ, ಕೈಯ ಭಾರವೇ ಸಾಕು. ಹಿಡಿದಂತಾದರೆ ಇನ್ನಷ್ಟು ನೀರು ಹಾಕಿ. ಒಂದು ಚೌಕ ಮುಗಿದ ಮೇಲೆ ಬಿಲ್ಲೆಯನ್ನು ಮಡಚಿ, ರೊಟ್ಟಿ ಹಿಟ್ಟಿನಂತೆ ನಾದಿ ಹೊಸ ಮುಖ ಹೊರಗೆ ತನ್ನಿ. ಉಜ್ಜಿದ ಜಾಗವನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಚೀಲದ ಕೈ ಆಡಿಸಿ ಪರೀಕ್ಷಿಸಿ. ಮೇಲಿನ ಭಾಗಗಳು ಮೊದಲು, ಗಾಲಿಯ ಹತ್ತಿರದ ಕೆಳಭಾಗ ಕೊನೆಗೆ. ಮುಂಗಾಜಿಗೂ ಇದನ್ನೇ ಮಾಡಬಹುದು. ವೈಪರ್ ಆಡಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಬಿಲ್ಲೆ ನೆಲಕ್ಕೆ ಬಿತ್ತೋ, ಆ ತುಂಡನ್ನು ಎಸೆಯಿರಿ. ತೊಳೆದರೂ ಅದರೊಳಗೆ ಸೇರಿದ ಹರಳು ಹೋಗುವುದಿಲ್ಲ, ಮುಂದಿನ ಎಳೆತಕ್ಕೆ ಬಾನೆಟ್ ಉದ್ದಕ್ಕೂ ಗೀರು ಎಳೆಯುತ್ತದೆ. ದುಡ್ಡು ಕೊಟ್ಟು ತಂದದ್ದೆಂದು ಮನಸ್ಸು ಹಿಂಜರಿದರೂ ಇದರಲ್ಲಿ ರಾಜಿ ಬೇಡ. ತುಂಡು ಮಾಡಿಟ್ಟುಕೊಳ್ಳಲು ಹೇಳಿದ್ದೂ ಇದಕ್ಕೇ.

ಮುಗಿದ ಮೇಲೆ ಅದೇ ದಿನ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಲೇಬೇಕು. ಕ್ಲೇ ಉಜ್ಜಿದಾಗ ಕೊಳೆಯ ಜೊತೆ ಹಳೆಯ ವ್ಯಾಕ್ಸ್ ಕೂಡ ಹೋಗಿರುತ್ತದೆ. ಹೊಸ ಪದರವಿಲ್ಲದೆ ಬಿಟ್ಟರೆ ನಮ್ಮ ಬಿಸಿಲು, ಬೂದಿ, ಸವಳು ನೀರು ಎಲ್ಲವೂ ನೇರವಾಗಿ ಕ್ಲಿಯರ್ ಕೋಟ್ ಮೇಲೆಯೇ ಬೀಳುತ್ತವೆ.

ಇದರಿಂದ ಆಗದ್ದು

ಕ್ಲೇ ಬಾರ್ ಗೀರು ಹೋಗಲಾಡಿಸುವುದಿಲ್ಲ. ಮಸುಕಾದ ಬಣ್ಣಕ್ಕೆ ಜೀವ ತುಂಬುವುದಿಲ್ಲ. ಹಕ್ಕಿ ಹಿಕ್ಕೆಯೋ ಸವಳು ನೀರೋ ಕ್ಲಿಯರ್ ಕೋಟ್‌ ಒಳಗೆ ಕೊರೆದು ಮಾಡಿದ ಕಲೆಗೆ ಪಾಲಿಶ್ ಬೇಕು, ಅದು ಬೇರೆ ಕೆಲಸ. ಮ್ಯಾಟ್ ಬಣ್ಣದ ಗಾಡಿಗೆ ಇದನ್ನು ಮುಟ್ಟಿಸಲೇಬಾರದು. ಉಜ್ಜಿದ ಕಡೆ ಮಿನುಗು ಬಂದು ಇಡೀ ಬಣ್ಣ ಕೆಡುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಪೇಂಟರ್ ಹೇಳಿದಷ್ಟು ದಿನ ಕಾಯಿರಿ. ಸೆರಾಮಿಕ್ ಕೋಟಿಂಗ್ ಹಾಕಿಸಿದವರು ಹಾಕಿದವರನ್ನೇ ಕೇಳಿ ಮುಂದುವರಿಯಿರಿ. ನುಣುಪು ದರ್ಜೆಯದೂ ಕಪ್ಪು ಬಣ್ಣದ ಮೇಲೆ ಸಣ್ಣ ಗುರುತು ಬಿಡುವುದುಂಟು. ಹಾಗಾಗಿ ಕಪ್ಪು ಗಾಡಿಯವರು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು.

ಪದೇ ಪದೇ ಮಾಡುವುದೂ ಬೇಡ. ವರ್ಷಕ್ಕೆ ಒಂದು ಸಲ, ಶಕ್ತಿನಗರ, ಯರಮರಸ್ ಕಡೆ ಓಡಾಟ ಹೆಚ್ಚಿರುವವರಿಗೆ ಎರಡು ಸಲ ಸಾಕು. ಕ್ಯಾಲೆಂಡರಿಗಿಂತ ಚೀಲದ ಕೈ ಹೇಳುವುದೇ ನಿಜ. ತರಿ ಹತ್ತದಿದ್ದರೆ ಕ್ಲೇ ಬೇಕಿಲ್ಲ.

ರಾಯಚೂರು, ಮಾನ್ವಿ, ದೇವದುರ್ಗದ ವಾಟರ್ ಸರ್ವಿಸ್ ಅಂಗಡಿಗಳನ್ನು ನಡೆಸುವ ಹುಡುಗರು ಇದನ್ನು ಕಲಿಯಬೇಕೆಂಬುದು ನನ್ನ ಆಸೆ. ಇದಕ್ಕೆ ದೊಡ್ಡ ಮಷಿನ್ ಬೇಡ, ಕರೆಂಟ್ ಬೇಡ, ತೊಳೆದ ಮೇಲೆ ಉಜ್ಜಲು ಖರ್ಚಾಗುವ ನೀರೂ ಒಂದೆರಡು ಬಾಟಲಿ. ಬೇಕಾಗಿರುವುದು ತಾಳ್ಮೆ ಮತ್ತು ಕೈ ಹದ, ಅವೆರಡೂ ನಮ್ಮ ಹುಡುಗರಲ್ಲಿ ಇವೆ. ನಾಲ್ಕು ಗಾಡಿ ತೊಳೆದು ಸಿಗುವ ಕೂಲಿ ಒಂದು ಗಾಡಿಯ ನೆಟ್ಟಗಿನ ಕೆಲಸದಲ್ಲೇ ಸಿಗುವಂತಾದರೆ ಕಸುಬಿಗೂ ಬೆಲೆ, ನೀರಿಗೂ ಉಳಿತಾಯ. ಗಾಡಿಯ ಮಾಲೀಕರೂ ಒಂದು ಮಾತು ನಡೆಸಿಕೊಡಿ: ಬೆಳಿಗ್ಗೆ ಒಣಬಟ್ಟೆಯಿಂದ ಕಾರು ಒರೆಸುವ ರೂಢಿಯನ್ನು ಇಂದಿಗೇ ಬಿಡಿ. ಕ್ಲೇ ಬಾರ್ ತರಿಸುವುದು ಮುಂದಿನ ತಿಂಗಳಾದರೂ ಆದೀತು, ಇದು ಮಾತ್ರ ನಾಳೆ ಬೆಳಿಗ್ಗೆಯಿಂದಲೇ ಆಗಲಿ.