ಡಬ್ಬಿಗೆ ಹಾಕುವ ಮುನ್ನ ಪೊಟ್ಟಣ ತಿರುಗಿಸಿ

ಅಮೆರಿಕದ ಬಹಳಷ್ಟು ಪ್ರಾಥಮಿಕ ಶಾಲೆಗಳಲ್ಲಿ ಊಟಕ್ಕೆ ಮುಂಚೆ ಒಂದು ಸ್ನ್ಯಾಕ್ ಟೈಮ್ ಇರುತ್ತದೆ. ಸಿಗುವುದು ಹತ್ತು ಹದಿನೈದು ನಿಮಿಷ. ಬಿಸಿ ಮಾಡಿಕೊಡುವವರಿಲ್ಲ, ಕೈಗೆ ಅಂಟುವಂಥದ್ದು ಬೇಡ, ಎಷ್ಟೋ ತರಗತಿಗಳಿಗೆ ಕಡಲೆಕಾಯಿ ತರುವಂತೆಯೇ ಇಲ್ಲ. ಚಿತ್ರಾನ್ನಕ್ಕೂ ಅವಲಕ್ಕಿಗೂ ಚಟ್ನಿಪುಡಿಗೂ ಕಡಲೆಕಾಯಿ ಹಾಕಿಯೇ ರೂಢಿಯಾದ ಕನ್ನಡದ ಮನೆಗಳು ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಈ ಷರತ್ತುಗಳಿಗೆ ಬೇಸತ್ತು ಗ್ರಾನೋಲಾ ಬಾರ್, ಹಣ್ಣಿನ ಗಮ್ಮಿ, ಜ್ಯೂಸ್‌ಗಳ ಮೊರೆಹೋಗುವುದುಂಟು. ಪೊಟ್ಟಣದ ಮುಂದೆ ಓಟ್ಸ್ ತೆನೆ, ಜೇನುತುಪ್ಪದ ಚಿತ್ರ, ‘ನ್ಯಾಚುರಲ್’ ಎಂಬ ಹಸಿರು ಅಕ್ಷರ. ಅದಿಷ್ಟೂ ಜಾಹೀರಾತು. ತಿಳಿಯಬೇಕಾದ ವಿಷಯ ಹಿಂಬದಿಯಲ್ಲಿರುತ್ತದೆ.

ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2016ರಲ್ಲಿ ಪೋಷಕಾಂಶ ಪಟ್ಟಿಯ ನಿಯಮ ತಿದ್ದಿ, ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದಿತು. ‘ಆಡೆಡ್ ಶುಗರ್ಸ್’ ಎಂಬ ಆ ಸಾಲು ಬಲು ಉಪಕಾರಿ. ಆದರೆ ಅದರ ಪಕ್ಕದ ಶೇಕಡಾವಾರು ಅಂಕಿ ಮಕ್ಕಳ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಅದು ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ 50 ಗ್ರಾಂ ಸಕ್ಕರೆಯ ಮಿತಿ ಇಟ್ಟುಕೊಂಡು ಹಾಕಿದ ಲೆಕ್ಕ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2ರಿಂದ 18 ವರ್ಷದವರಿಗೆ ಹೇಳುವ ಮಿತಿ 25 ಗ್ರಾಮಿಗಿಂತ ಕಡಿಮೆ, ಸುಮಾರು ಆರು ಟೀ ಚಮಚ. 12 ಗ್ರಾಂ ಸಕ್ಕರೆ ಬೆರೆಸಿದ ಸ್ಟ್ರಾಬೆರಿ ಮೊಸರಿನ ಕಪ್ಪಿನ ಮೇಲೆ ಶೇ. 24 ಎಂದಿರುತ್ತದೆ; ಎರಡನೇ ಕ್ಲಾಸಿನ ಮಗುವಿಗೆ ಅದು ಇಡೀ ದಿನದ ಪಾಲಿನಲ್ಲಿ ಹೆಚ್ಚುಕಡಿಮೆ ಅರ್ಧ. ಶೇಕಡವನ್ನು ಬಿಡಿ, ಗ್ರಾಂ ನೋಡಿ, ನಾಲ್ಕರಿಂದ ಭಾಗಿಸಿ. ಎಷ್ಟು ಚಮಚ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈ ಸಾಲಿನಲ್ಲೂ ಒಂದು ಕಂಡಿಯಿದೆ. ನೂರಕ್ಕೆ ನೂರು ಹಣ್ಣಿನ ರಸವಾದರೆ ಅಲ್ಲಿ ಸೊನ್ನೆ ಬರೆಯಬಹುದು. ಆದರೆ 200 ಮಿಲಿಲೀಟರ್ ಸೇಬಿನ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇದ್ದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಇದನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯೆಂದೇ ಎಣಿಸುತ್ತದೆ. ಇಡೀ ಹಣ್ಣಿನ ಮಾತು ಬೇರೆ: ಅಲ್ಲಿ ಸಕ್ಕರೆ ಜೀವಕೋಶಗಳ ಒಳಗೆ, ನಾರಿನ ಜತೆಗಿರುತ್ತದೆ, ಅಗಿದು ತಿನ್ನಬೇಕು. ಇನ್ನು ‘ಬೆಲ್ಲದ್ದು ತಾನೇ’ ಎಂದು ಊರಿಂದ ಬಂದ ಚಿಕ್ಕಿಗೆ ರಿಯಾಯಿತಿ ಕೊಡುವವರಿದ್ದಾರೆ. ಬೆಲ್ಲದ ಬಹುಪಾಲು ಸುಕ್ರೋಸ್. ಮಗುವಿಗೆ ಬೇಕಾದ ಕಬ್ಬಿಣವನ್ನೆಲ್ಲ ಅದರಿಂದಲೇ ಪಡೆಯಬೇಕಾದರೆ ಎಷ್ಟು ಬೆಲ್ಲ ತಿನ್ನಬೇಕಾದೀತೆಂದು ನೆನೆದರೆ ಹಲ್ಲು ಜುಮ್ಮೆನ್ನುತ್ತದೆ.

ಕಡಲೆಕಾಯಿಯ ಗಲಾಟೆ ಅಲ್ಲೇಕೆ ಅಷ್ಟು? ಅಲರ್ಜಿಯಿರುವ ಮಗುವಿನ ದೇಹ ಕಡಲೆಕಾಯಿಯ ಪ್ರೋಟೀನನ್ನು ಶತ್ರುವೆಂದೇ ಬಗೆದು ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಟ್ಟಿರುತ್ತದೆ. ಅದೇ ಪ್ರೋಟೀನ್ ಮತ್ತೆ ಒಳಹೊಕ್ಕರೆ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಹೊರಬಿದ್ದು ದದ್ದು, ತುಟಿಯ ಊತ, ಕೆಲವೊಮ್ಮೆ ನಿಮಿಷಗಳಲ್ಲೇ ಉಸಿರು ಕಟ್ಟುವ ಸ್ಥಿತಿ. ಎಪಿನೆಫ್ರಿನ್ ಚುಚ್ಚದಿದ್ದರೆ ಜೀವಕ್ಕೇ ಅಪಾಯ. ಹುರಿದರೆ ದೋಷ ಹೋಗುತ್ತದೆ ಎಂಬುದು ಸುಳ್ಳು. ಈ ಪ್ರೋಟೀನುಗಳಲ್ಲಿ ಮುಖ್ಯವಾದವು ಬಿಸಿಗೂ ಜಠರರಸಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ.

ಅಮೆರಿಕದ ದೂರವಾಣಿ ಸಮೀಕ್ಷೆಗಳ ಪ್ರಕಾರ ಕಡಲೆಕಾಯಿ ಅಲರ್ಜಿಯಿರುವ ಮಕ್ಕಳ ಪ್ರಮಾಣ 1997ರಲ್ಲಿ ಶೇ. 0.4 ಇದ್ದದ್ದು 2008ಕ್ಕೆ ಶೇ. 1.4 ಆಯಿತು. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಲೇಬೇಡಿ ಎಂದು ಮಕ್ಕಳ ವೈದ್ಯರು ಸಲಹೆ ಕೊಡುತ್ತಿದ್ದ ಕಾಲ ಅದು. ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2008ರಲ್ಲಿ ಬ್ರಿಟನ್ ಹಾಗೂ ಇಸ್ರೇಲಿನ ಯಹೂದಿ ಮಕ್ಕಳನ್ನು ಹೋಲಿಸಿ ನೋಡಿದರು. ಬ್ರಿಟನ್ನಿನಲ್ಲಿ ಶೇ. 1.85, ಇಸ್ರೇಲಿನಲ್ಲಿ ಶೇ. 0.17. ಇಸ್ರೇಲಿನ ಹಸುಗೂಸುಗಳು ಬಾಂಬಾ ಎಂಬ ಕಡಲೆಕಾಯಿಯ ಕುರುಕಲನ್ನು ಮೊದಲ ವರ್ಷದಲ್ಲೇ ಚೀಪುತ್ತಿದ್ದವು! ಮುಂದೆ 640 ಶಿಶುಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು: ಬೇಗನೆ ರುಚಿ ತೋರಿಸಿದ ಗುಂಪಿನಲ್ಲಿ ಐದನೇ ವರ್ಷಕ್ಕೆ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ. ಸಲಹೆ ತಿರುವುಮುರುವಾಯಿತು. ಆದರೆ ಈಗಾಗಲೇ ಅಲರ್ಜಿ ಬಂದ ಮಕ್ಕಳು ತರಗತಿಯಲ್ಲಿದ್ದಾರಲ್ಲ, ಶಾಲೆಯ ನಿಯಮವನ್ನು ಕಿರಿಕಿರಿಯೆಂದು ತಳ್ಳಿಹಾಕುವಂತಿಲ್ಲ.

ಕಡಲೆಕಾಯಿ ಬಿಟ್ಟರೂ ನಮ್ಮ ಅಡುಗೆಮನೆ ಬಡವಾಗುವುದಿಲ್ಲ. ಸ್ನ್ಯಾಕ್ ಟೈಮಿಗೆ ಪಡ್ಡುವಿನಂಥ ತಿಂಡಿ ಇನ್ನೊಂದಿಲ್ಲ ಎಂದು ನನ್ನ ಪಕ್ಷಪಾತ: ಉದ್ದಿನ ಪ್ರೋಟೀನ್, ಎಣ್ಣೆ ಕಡಿಮೆ, ಎರಡು ತುತ್ತಿಗೆ ಒಂದು. ಹುರಿಗಡಲೆ ಹಾಕಿದ ಒಗ್ಗರಣೆ ಮಂಡಕ್ಕಿ, ಕಾಳಿನ ಉಸಲಿ, ಹುರಿಗಡಲೆ–ಕೊಬ್ಬರಿಯ ಚಟ್ನಿಪುಡಿ ಸವರಿದ ಚಪಾತಿ ಸುರುಳಿ, ಹೆಚ್ಚಿದ ಹಣ್ಣು. ಕೊಬ್ಬರಿಯನ್ನು ಗೋಡಂಬಿ, ಬಾದಾಮಿಗಳ ಸಾಲಿನಲ್ಲಿಟ್ಟಿದ್ದ ಎಫ್‌ಡಿಎ 2025ರಲ್ಲಿ ಅದನ್ನು ಪಟ್ಟಿಯಿಂದ ಬಿಟ್ಟಿದೆ. ಎಳ್ಳಿನದು ತದ್ವಿರುದ್ಧ: 2023ರಿಂದ ಅದು ಕಡ್ಡಾಯವಾಗಿ ನಮೂದಿಸಬೇಕಾದ ಒಂಬತ್ತನೇ ಅಲರ್ಜಿಕಾರಕ. ಹುರಿಗಡಲೆ ಕೊಳ್ಳುವಾಗ ‘ಕಡಲೆಕಾಯಿಯ ಅಂಶ ಇರಬಹುದು’ ಎಂಬ ಬರಹವಿದೆಯೇ ನೋಡಿ. ಆ ಬರಹ ಅಲ್ಲಿ ಕಡ್ಡಾಯವಲ್ಲವಾದ್ದರಿಂದ ಇಲ್ಲದಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ನಾಲ್ಕು ವರ್ಷದೊಳಗಿನವರಿಗೆ ಗಟ್ಟಿ ಕಾಳು, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕೀತು, ಎಚ್ಚರ. ಬೇಸಿಗೆಯಲ್ಲಿ ಉಸಲಿ, ಮೊಸರುಗಳ ಜತೆ ಐಸ್ ಪ್ಯಾಕ್ ಇಡಿ; ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬುದು ಅಲ್ಲಿನ ನಿಯಮ.

ಚಕ್ಲಿ, ನಿಪ್ಪಟ್ಟು ಮನೆಯವೇ ಆದರೂ ಕರಿದವು, ಉಪ್ಪಿನವು. ಶಾಲೆಯಲ್ಲಿ ಮಾರುವ ಕುರುಕಲಿಗೆ ಅಮೆರಿಕ ಸರ್ಕಾರ 200 ಕ್ಯಾಲೊರಿ, 200 ಮಿಲಿಗ್ರಾಂ ಸೋಡಿಯಂ ಮಿತಿ ಇಟ್ಟಿದೆ. ಮನೆಯ ಡಬ್ಬಿಗೆ ಆ ಕಾನೂನು ತಟ್ಟದು, ಅಳತೆಗೋಲಾಗಿ ಬಳಸಲು ಅಡ್ಡಿಯಿಲ್ಲ.

ಮನೆಯ ತಿಂಡಿಗೆ ಹಿಂಬದಿಯ ಪಟ್ಟಿ ಇರುವುದಿಲ್ಲ. ಅದರಲ್ಲಿ ಏನೇನಿದೆ ಎಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಶಿಕ್ಷಕಿಗೆ ಪಡ್ಡು ಎಂದರೇನೆಂದು ತಿಳಿದಿರುವುದಿಲ್ಲ. ಪಕ್ಕದ ಮಗು ಕೇಳಿದರೂ ಶಿಕ್ಷಕಿಯನ್ನು ಕೇಳದೆ ಹಂಚಬೇಡ ಎಂದು ನಿಮ್ಮ ಮಗುವಿಗೂ ಹೇಳಿಕೊಡಿ.