ಬಿಎಸ್ಸಿ ಕೆಮಿಸ್ಟ್ರಿ: ಇದು ಐದು ವರ್ಷದ ಲೆಕ್ಕ

ಶ್ರೀನಿವಾಸಪುರದ ಮಂಡಿಗಳಿಗೆ ಮಾವಿನ ಲೋಡು ಬರುವ ಹೊತ್ತಿಗೇ ಪಿಯುಸಿ ಮುಗಿಸಿದ ಮಕ್ಕಳು ಡಿಗ್ರಿ ಅರ್ಜಿ ಹಿಡಿದು ಓಡಾಡುತ್ತಿರುತ್ತಾರೆ. ಗೌನಿಪಲ್ಲಿಯಂಥ ಆಂಧ್ರದ ಅಂಚಿನ ಊರಿನಲ್ಲಿ, ನೀಟ್ ರ‍್ಯಾಂಕ್ ಕೈಗೆಟುಕದೆ, ಎಂಜಿನಿಯರಿಂಗ್ ಫೀಸಿಗಾಗಿ ತೋಟ ಅಡವಿಡಲೂ ಮನಸ್ಸಾಗದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕೆಮಿಸ್ಟ್ರಿ ಹಿಡಿದು ಬಿಎಸ್ಸಿ ಮಾಡಿದರೆ ಅನ್ನ ಹುಟ್ಟುತ್ತದೆಯೇ?

ಹುಟ್ಟುತ್ತದೆ. ಆದರೆ ಮೂರು ವರ್ಷಕ್ಕಲ್ಲ, ಐದು ವರ್ಷಕ್ಕೆ. ಸೀಟು ಹಿಡಿಯುವ ಮೊದಲೇ ಯಾರಾದರೂ ಹೇಳಬೇಕಾದ ಮಾತಿದು. ನಮ್ಮಲ್ಲಿ ಹೇಳುವವರು ಕಡಿಮೆ.

ಮಂಡಿಯ ಮಾವನ್ನೇ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಗುಲಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ, ಬಲಿಯದ ಕಾಯಿಗೂ ಬಣ್ಣ ಬರುತ್ತದೆ. ಆ ಪುಡಿಯಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರುವುದರಿಂದ ಹಣ್ಣು ಮಾಗಿಸಲು ಅದನ್ನು ಬಳಸುವಂತಿಲ್ಲ. ಬದಲಿಗೆ 100 ಪಿಪಿಎಂವರೆಗೆ ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಇದನ್ನೆಲ್ಲ ತಪಾಸಣೆ ಮಾಡುವವರು ಆಹಾರ ಸುರಕ್ಷತಾ ಅಧಿಕಾರಿಗಳು. 2011ರ ನಿಯಮದ ಪ್ರಕಾರ ಆಹಾರ ತಂತ್ರಜ್ಞಾನ, ಡೇರಿ, ಕೃಷಿ, ಮೈಕ್ರೋಬಯಾಲಜಿ ಓದಿದವರಿಗೆ ಈ ಹುದ್ದೆಗೆ ಬರೀ ಡಿಗ್ರಿ ಸಾಕು. ಕೆಮಿಸ್ಟ್ರಿಯವರು ಮಾತ್ರ ಎಂಎಸ್ಸಿ ಮಾಡಿರಬೇಕು. ಸ್ಯಾಂಪಲ್ ಪರೀಕ್ಷಿಸಿ ವರದಿಗೆ ಸಹಿ ಹಾಕುವ ಆಹಾರ ವಿಶ್ಲೇಷಕನಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ಮೂರು ವರ್ಷದ ಅನುಭವ, ಮೇಲೊಂದು ಪರೀಕ್ಷೆ. ಪಿಯು ಕಾಲೇಜಿನ ಉಪನ್ಯಾಸಕರಾಗಲೂ ಎಂಎಸ್ಸಿಯೇ ಬೇಕು. ಹೈಸ್ಕೂಲು ಮೇಷ್ಟ್ರಾಗುವವರಿಗೆ ಎಂಎಸ್ಸಿ ಬೇಡ, ಆದರೆ ಎರಡು ವರ್ಷದ ಬಿ.ಎಡ್ ಸೇರಿಸಿದರೆ ಅಲ್ಲೂ ಐದೇ ವರ್ಷ.

ಕೆಮಿಸ್ಟ್ರಿಗೆ ಕೆಲಸವೇ ಇಲ್ಲದ ಜಿಲ್ಲೆಯೇನೂ ನಮ್ಮ ಕೋಲಾರವಲ್ಲ. ಆಳದ ಬೋರ್‌ವೆಲ್ ನೀರು ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತು ಫ್ಲೋರೈಡ್ ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಎಷ್ಟಿದೆ ಎಂದು ಹೇಳಲು ಲ್ಯಾಬ್ ಬೇಕು, ಲ್ಯಾಬಿಗೆ ಜನ ಬೇಕು. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆಸಿ ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದಕ್ಕೆ ಮೂರನೇ ಹಂತದ ಶುದ್ಧೀಕರಣ ಬೇಕೆಂದು ರೈತರು ಎತ್ತಿದ ತಕರಾರು ಕೂಡ ಅಪ್ಪಟ ಕೆಮಿಸ್ಟ್ರಿಯದೇ. ಕೆಜಿಎಫ್‌ನಲ್ಲಿ ಅರೆದ ಅದಿರಿನಿಂದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ಕೆಲಸ ಹೋಯಿತು, ಸೈನೈಡ್ ಗುಡ್ಡಗಳು ಉಳಿದವು. ಈಗ ನರಸಾಪುರದಲ್ಲಿ ಬೈಕು, ಮೊಬೈಲು ತಯಾರಾಗುತ್ತವೆ. ಅಲ್ಲಿನ ಲೈನಿನಲ್ಲಿ ನಿಲ್ಲಲು ಕೆಮಿಸ್ಟ್ರಿಯ ಹಂಗಿಲ್ಲ. ಐಟಿಐ ಮಾಡಿದ ಹುಡುಗನೇ ಅಲ್ಲಿ ಒಂದು ಹೆಜ್ಜೆ ಮುಂದಿರುತ್ತಾನೆ.

ಉಳಿದದ್ದು ಬೆಂಗಳೂರಿನ ಔಷಧ ಕಂಪನಿಗಳು. ಬೊಮ್ಮಸಂದ್ರ, ಜಿಗಣಿ, ಪೀಣ್ಯ ಕಡೆ ಬಿಎಸ್ಸಿ ಮುಗಿಸಿದವರು ಟ್ರೈನಿಯಾಗಿ ಸೇರುತ್ತಾರೆ. ಮೂರು ಶಿಫ್ಟು. ಪಿಜಿ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಹೆಚ್ಚೇನೂ ಮಿಗುವುದಿಲ್ಲ. ಔಷಧದ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬಿನ ಕೆಲಸ ಸಿನಿಮಾದಲ್ಲಿ ತೋರಿಸುವಂತೆ ಬಣ್ಣದ ನೀರು ಬೆರೆಸುವುದಲ್ಲ. ಎಚ್‌ಪಿಎಲ್‌ಸಿ ಯಂತ್ರಕ್ಕೆ ಸ್ಯಾಂಪಲ್ ಕೊಟ್ಟು, ತೂಗಿದ್ದು, ಅಳೆದದ್ದು, ಎಷ್ಟು ಗಂಟೆಗೆ ಎಂಬುದನ್ನೂ ಬಿಡದೆ ಬರೆದು ಸಹಿ ಹಾಕುವುದು. ಬರೆಯದ ಕೆಲಸ ಮಾಡದ ಕೆಲಸಕ್ಕೆ ಸಮ. ಬರವಣಿಗೆಯ ಶಿಸ್ತಿರುವ ಹುಡುಗಿಯರು ಇಲ್ಲಿ ಬೇಗ ಮೇಲೆ ಬರುತ್ತಾರೆ ಎಂಬುದು ನನ್ನ ನಂಬಿಕೆ.

ಬರೀ ಬಿಎಸ್ಸಿಯವರಿಗೂ ಇಲ್ಲೊಂದು ದಾರಿ ಇದೆ. ಕೆಮಿಸ್ಟ್ರಿಯನ್ನು ಮುಖ್ಯ ವಿಷಯವಾಗಿ ಓದಿ, ಡಿಗ್ರಿಯ ನಂತರ ಔಷಧ ತಯಾರಿಕೆಯಲ್ಲಿ ಮೂರು ವರ್ಷ ದುಡಿದವರು, ತಯಾರಿಕೆಯ ಹೊಣೆ ಹೊರುವ ತಾಂತ್ರಿಕ ಸಿಬ್ಬಂದಿಯಾಗಲು ಔಷಧ ನಿಯಮಗಳ ಪ್ರಕಾರ ಅರ್ಹರು. ಕಂಪನಿಗಳಲ್ಲಿ ಅಪ್ರೂವ್ಡ್ ಕೆಮಿಸ್ಟ್ ಎಂದು ಕರೆಯುವುದು ಇವರನ್ನೇ. ಹಾಗಾಗಿ ಸಂಬಳ ತುಸು ಹೆಚ್ಚೆಂದು ತಯಾರಿಕೆ ಬಿಟ್ಟು ಬೇರೆ ಕೆಲಸಕ್ಕೆ ಜಾರುವುದು ನಷ್ಟದ ಬಾಬತ್ತು.

ಕೆಮಿಸ್ಟ್ರಿ ಎಂದರೆ ಮೂಗು ಮುರಿಯುವವರಿಗೆ ಭಾರತರತ್ನ ಸಿ.ಎನ್.ಆರ್. ರಾವ್ ಅವರ ಹೆಸರು ಹೇಳುವುದುಂಟು. ಆ ಹೆಸರಿನ ಮೊದಲಕ್ಷರ ನಮ್ಮ ಪಕ್ಕದ ಚಿಂತಾಮಣಿ. ಆದರೆ ಅವರು ಓದಿದ ಕ್ರಮವನ್ನು ಯಾರೂ ಪೂರ್ತಿ ಹೇಳುವುದಿಲ್ಲ: 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ, ಆಮೇಲೆ ಬನಾರಸ್‌ನಲ್ಲಿ ಎಂಎಸ್ಸಿ, 1958ರಲ್ಲಿ ಅಮೆರಿಕದ ಪರ್ಡ್ಯೂವಿನಲ್ಲಿ ಪಿಎಚ್‌ಡಿ. ಬಿಎಸ್ಸಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಇಂದಿನ ಮಕ್ಕಳಿಗೆ ಅಂಥ ಬಾಗಿಲೆಂದರೆ ಜಾಮ್ ಪರೀಕ್ಷೆ. ವರ್ಷಕ್ಕೊಮ್ಮೆ ನಡೆಯುವ ಇದನ್ನು ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು, ಅದರ ಅಂಕದ ಮೇಲೆ ಐಐಟಿಗಳಲ್ಲಿ ಎಂಎಸ್ಸಿ ಸೀಟು ಸಿಗುತ್ತದೆ. ಅಷ್ಟು ದೂರ ಬೇಡವೆಂದರೆ ಕೋಲಾರದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ.

ಕಾಂಬಿನೇಷನ್ ವಿಷಯದಲ್ಲಿ ನನ್ನ ಒಲವು ಪಿಸಿಎಂ ಕಡೆಗೆ. ಗಣಿತ ಕೈಯಲ್ಲಿದ್ದರೆ ಕೆಮಿಸ್ಟ್ರಿ ಬೇಸರವಾದ ದಿನ ಎಂಸಿಎ ಕಡೆ ಹೊರಳಬಹುದು. ಹೈಸ್ಕೂಲು ಮೇಷ್ಟ್ರ ಹುದ್ದೆಗಳಲ್ಲಿ ಪಿಸಿಎಂ, ಸಿಬಿಜೆಡ್ ಬೇರೆ ಬೇರೆ ಎಂಬುದನ್ನೂ ಈಗಲೇ ನೆನಪಿಟ್ಟುಕೊಳ್ಳಬೇಕು. ಶ್ರೀನಿವಾಸಪುರವೋ ಚಿಂತಾಮಣಿಯೋ ಕೋಲಾರವೋ, ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಲ್ಯಾಬಿಗೆ ಹೋಗಿ. ಬ್ಯೂರೆಟ್ಟು ತಲಾ ಒಂದು ಸಿಗುತ್ತದೆಯೋ, ನಾಲ್ಕು ಜನ ಸುತ್ತ ನಿಂತು ಒಬ್ಬ ಮಾಡುವುದನ್ನು ನೋಡಬೇಕೋ ಎಂದು ಸೀನಿಯರ್‌ಗಳನ್ನೇ ಕೇಳಿ. ಇಂಟರ್‌ವ್ಯೂನಲ್ಲಿ ಕೈ ನಡುಗುವುದು ಎರಡನೇ ಥರದ ಲ್ಯಾಬಿನಿಂದ ಬಂದವರಿಗೆ.

ಐದು ವರ್ಷ ಕಾಯುವ ಶಕ್ತಿ ಇಲ್ಲದ ಮನೆಗಳೂ ಇವೆ, ಅದು ತಪ್ಪಲ್ಲ. ಕೆಮಿಸ್ಟ್ರಿ ಓದಿ ಊರಲ್ಲೇ ಮೆಡಿಕಲ್ ಸ್ಟೋರ್ ಇಡಬಹುದೆಂದು ಲೆಕ್ಕ ಹಾಕಿದ್ದರೆ ಅದನ್ನು ಈಗಲೇ ಕೈಬಿಡಿ. ಔಷಧದ ಅಂಗಡಿಗೆ ನೋಂದಾಯಿತ ಫಾರ್ಮಸಿಸ್ಟ್ ಬೇಕು, ಬಿಎಸ್ಸಿ ಅಲ್ಲಿ ನಡೆಯದು. ಅದಕ್ಕೆ ಡಿ.ಫಾರ್ಮಾ ಇದೆ: ಸೈನ್ಸ್ ಪಿಯುಸಿ ಆದವರಿಗೆ ಎರಡು ವರ್ಷದ ಓದು, ಆಮೇಲೆ 500 ಗಂಟೆಯ ತರಬೇತಿ, ಫಾರ್ಮಸಿ ಕೌನ್ಸಿಲ್ಲಿನಲ್ಲಿ ನೋಂದಣಿ.